ಹೈಸ್ಕೂಲಿನ ದಿನದ ಸುದ್ದಿ, ಸೂಚನೆ ಎಲ್ಲಾ ಮನೆಗೂ ತಲುಪಬೇಕು: ಹೇಗೆ ಮಾಡೋಣ?

ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಪಾಠ ಚೆನ್ನಾಗಿ ನಡೆಯುತ್ತದೆ. ನನ್ನ ಚಿಂತೆ ಬೇರೆ. ಶಾಲೆಯಲ್ಲಿ ದಿನಾ ಹೇಳುವ ಸೂಚನೆ ಮನೆಗೆ ಸರಿಯಾಗಿ ಬರುತ್ತಿಲ್ಲ. ಕೆಲವರ ಮನೆಗೆ ಒಂದೇ ಸುದ್ದಿ ಮೂರು ಸಲ ಬರುತ್ತದೆ. ಕೆಲವರ ಮನೆಗೆ ಬರುವುದೇ ಇಲ್ಲ.

2025ರ ದಸರಾ ರಜೆ ನೆನಪಿದೆ ಅಲ್ವಾ? ಮೇಷ್ಟ್ರುಗಳು ಮನೆ ಮನೆಗೆ ಹೋಗಿ ಮಾಡುತ್ತಿದ್ದ ಜಾತಿ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಸಿದರು. ಅದನ್ನು ಹೇಳಿದ್ದು 7ನೇ ತಾರೀಖು. ಮಾರನೇ ದಿನವೇ ಶಾಲೆ ಶುರುವಾಗಬೇಕಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರಿಗೆ ರಾತ್ರಿಯೇ ಗೊತ್ತಾಯಿತು. ಪಕ್ಕದ ಊರಿನ ಮಕ್ಕಳು ಬೆಳಿಗ್ಗೆ ಬ್ಯಾಗು ಹಾಕಿಕೊಂಡು ನಡೆದು ಬಂದು, ಗೇಟಿಗೆ ಬೀಗ ನೋಡಿ ವಾಪಸ್ ಹೋದರು. ಅವರ ಮನೆಯಲ್ಲಿ ಕೀಪ್ಯಾಡ್ ಫೋನ್ ಮಾತ್ರ ಇದೆ.

ಸ್ಮಾರ್ಟ್‌ಫೋನ್ ಇರುವ ಮನೆಯಲ್ಲೂ ಕಷ್ಟ ಇದೆ. ಫೋನ್ ಇರುವುದು ಮನೆಯ ಗಂಡಸರ ಕೈಯಲ್ಲಿ. ಅವರು ಬೆಳಿಗ್ಗೆ ಹೊರಟರೆ ಬರುವುದು ರಾತ್ರಿ. ರೇಷ್ಮೆ ಮನೆಗಳಲ್ಲಂತೂ ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಮೇಲೆ ಒಂದು ವಾರ ಯಾರಿಗೂ ಪುರುಸೊತ್ತಿಲ್ಲ. ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಹುಳ ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಮಕ್ಕಳನ್ನೂ ಶಾಲೆ ಬಿಡಿಸಿ ಕೂರಿಸಿಕೊಳ್ಳುತ್ತಾರೆ. ಅಂಥ ದಿನವೇ ‘ನಾಳೆ ಕೊನೇ ದಿನ, ಆಧಾರ್ ಜೆರಾಕ್ಸ್ ತನ್ನಿ’ ಅಂತ ಮೆಸೇಜ್ ಬಂದಿರುತ್ತದೆ.

ಇನ್ನೊಂದು, ಆ ಮೆಸೇಜ್ ಬರುವ ರೀತಿ. ಇಲಾಖೆಯ ಸುತ್ತೋಲೆಯನ್ನು ಹಾಗೇ ಫೋಟೊ ತೆಗೆದು ಹಾಕುತ್ತಾರೆ. ಉಲ್ಲೇಖ ಒಂದು, ಉಲ್ಲೇಖ ಎರಡು ಅಂತ ಓದಿ ಓದಿ ಕೊನೆಗೂ ನಾವು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ನಾನು ಪಿಯುಸಿ ಓದಿದವಳು, ನನಗೇ ಹೀಗೆ. ಅದರ ಮೇಲೆ ಶುಭೋದಯ, ಹೂವಿನ ಫೋಟೊ, ರಾಜಕೀಯ ವಿಡಿಯೊ. ಮುಖ್ಯವಾದದ್ದು ಅಡಿಗೆ ಹೋಗಿಬಿಡುತ್ತದೆ.

ನನ್ನ ಸಲಹೆ ಇಷ್ಟೇ. ದಿನಕ್ಕೆ ಒಂದೇ ಹಾಳೆ ಇರಲಿ. ಅದರಲ್ಲಿ ನಾಲ್ಕೈದು ಸಾಲು. ಯಾರಿಗೆ, ಏನು, ಯಾವತ್ತು, ಏನು ತರಬೇಕು, ಯಾರನ್ನು ಕೇಳಬೇಕು, ಇಷ್ಟು ಇದ್ದರೆ ಸಾಕು. ಅದು ಫೋನ್ ಇದ್ದವರಿಗೂ ಇಲ್ಲದವರಿಗೂ ಒಂದೇ ಹೊತ್ತಿಗೆ ಸಿಗಬೇಕು. ಹೇಗೆ ಅಂತ ನನಗೆ ಪೂರ್ತಿ ಹೊಳೆದಿಲ್ಲ. ನಿಮ್ಮ ಶಾಲೆಗಳಲ್ಲಿ ಏನು ಮಾಡುತ್ತೀರಿ ಹೇಳಿ.


ಕನ್ನಡ ಮೇಷ್ಟ್ರು

ತಾಯಿ, ನೀವು ಹೇಳಿದ್ದು ಸರಿ. ಶಾಲೆಯ ಕಡೆಯ ಮಾತನ್ನೂ ಕೇಳಿ.

ಮೊದಲು ಸೂಚನಾ ಪುಸ್ತಕ ಇತ್ತು. ಹೆಡ್‌ಮೇಷ್ಟ್ರು ಬರೆದು ಸಹಿ ಮಾಡುತ್ತಿದ್ದರು. ಅಟೆಂಡರ್ ಒಂದೊಂದೇ ಕ್ಲಾಸಿಗೆ ತರುತ್ತಿದ್ದರು. ನಾವು ಪಾಠ ನಿಲ್ಲಿಸಿ ಗಟ್ಟಿಯಾಗಿ ಓದುತ್ತಿದ್ದೆವು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಈಗಲೂ ಪುಸ್ತಕ ಇದೆ. ಆದರೆ ಮೇಲಿನಿಂದ ಆದೇಶ ಬರುವುದು ಫೋನಿಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಅದರ ತಿದ್ದುಪಡಿ, ಸಂಜೆ ‘ಇಂದೇ ಕಳುಹಿಸಿ’ ಅಂತ ನೆನಪೋಲೆ. ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ದಾಖಲೆ) ಎಂಟ್ರಿ ಮಾಡಬೇಕು, ಊಟದ ಲೆಕ್ಕ ಬರೆಯಬೇಕು, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅಂತ ಬರೆಯಬೇಕು. ಇದರ ಮಧ್ಯೆ ಸುತ್ತೋಲೆಯನ್ನು ಸುಲಭ ಕನ್ನಡದಲ್ಲಿ ಮತ್ತೆ ಬರೆಯಲು ಸಮಯ ಸಿಗುವುದು ಕಷ್ಟ. ಅದಕ್ಕೇ ಫೋಟೊ ತೆಗೆದು ಹಾಕಿಬಿಡುತ್ತೇವೆ.

ನೀವು ಹೇಳಿದ ಹಾಳೆಯನ್ನು ಮಕ್ಕಳೇ ಬರೆಯಲಿ ಅಂತ ನನ್ನ ಆಸೆ. ಹೇಗೂ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸಂವಿಧಾನದ ಪೀಠಿಕೆ ಆದ ಮೇಲೆ ಒಬ್ಬ ವಿದ್ಯಾರ್ಥಿ ಸುದ್ದಿ ಓದುತ್ತಾನೆ. ಹಾಗೇ ದಿನಾ ಇಬ್ಬರು ಒಂಬತ್ತನೇ ತರಗತಿ ಮಕ್ಕಳು ಸೂಚನೆ ಬರೆಯಲಿ. ಮೇಷ್ಟ್ರು ಒಬ್ಬರು ನೋಡಿ ಸಹಿ ಮಾಡಲಿ. ಒಂದು ಸುತ್ತೋಲೆಯನ್ನು ಓದಿ, ಅಮ್ಮನಿಗೆ ಅರ್ಥವಾಗುವಂತೆ ಮೂರು ಸಾಲಿನಲ್ಲಿ ಬರೆಯುವುದು ಕನ್ನಡದ ಒಳ್ಳೆಯ ಪಾಠವೇ. ಪ್ರಬಂಧಕ್ಕಿಂತ ಕಷ್ಟದ ಕೆಲಸ ಅದು.


ರೀಲರ್ ತಂದೆ (ಶಿಡ್ಲಘಟ್ಟ ಟೌನ್)

ನನ್ನ ಮಗಳು ಎಂಟನೇ ಕ್ಲಾಸ್. ಗೂಡಿನಿಂದ ರೇಷ್ಮೆ ನೂಲು ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾದರೆ ನನ್ನ ಫೋನ್ ಅದರಲ್ಲೇ ಇರುತ್ತದೆ. ಶಾಲೆ ಗ್ರೂಪ್ ನೋಡುವುದು ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ನೂರಾರು ಮೆಸೇಜ್. ದಯವಿಟ್ಟು ಸೂಚನೆಗೆ ಬೇರೆ ಗ್ರೂಪ್ ಮಾಡಿ, ಅದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಹರಟೆಗೆ ಹಳೇ ಗ್ರೂಪ್ ಇರಲಿ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಉರ್ದು. ನನಗೆ ಕನ್ನಡ ಓದಲು ಬರುತ್ತದೆ, ಮನೆಯವರಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಬರೆದದ್ದನ್ನೇ ಯಾರಾದರೂ ಅರ್ಧ ನಿಮಿಷ ಓದಿ ವಾಯ್ಸ್ ಹಾಕಿದರೆ ನನ್ನಂಥ ಎಷ್ಟೋ ಮನೆಗಳಿಗೆ ಅನುಕೂಲ.


ಹತ್ತನೇ ತರಗತಿ ವಿದ್ಯಾರ್ಥಿನಿ

ಆಂಟಿ, ಸರ್, ನಾನೂ ಸ್ವಲ್ಪ ಹೇಳಬಹುದಾ?

ಎಲ್ಲರೂ ಫೋನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕೈಗೆ ಯಾರೂ ಫೋನ್ ಕೊಡುವುದಿಲ್ಲ. ನಮ್ಮ ಪರೀಕ್ಷೆ, ನಮ್ಮ ಸ್ಕಾಲರ್‌ಶಿಪ್. ಸುದ್ದಿ ಮಾತ್ರ ಅಪ್ಪನ ಫೋನಿಗೆ ಹೋಗಿ, ಅಪ್ಪ ನೆನಪಾದಾಗ ಹೇಳಿದರೆ ನಮಗೆ ಗೊತ್ತಾಗಬೇಕು. ಇದು ಸರಿ ಅನಿಸುವುದಿಲ್ಲ. ಸೂಚನೆ ಮೊದಲು ನಮಗೆ ಹೇಳಿ, ಬರೆಸಿ. ಆಮೇಲೆ ಮನೆಗೆ ಕಳುಹಿಸಿ.

ನಮ್ಮ ಕ್ಲಾಸಿನಲ್ಲಿ ಕರಿಹಲಗೆಯ ಎಡಗಡೆ ಒಂದು ಪಟ್ಟಿ ಗೆರೆ ಹಾಕಿದ್ದೇವೆ. ಅದನ್ನು ಯಾರೂ ಅಳಿಸುವಂತಿಲ್ಲ. ಹತ್ತಿರ ಬರುತ್ತಿರುವ ದಿನಗಳು ಅಲ್ಲೇ ಇರುತ್ತವೆ. ಪೂರ್ವಸಿದ್ಧತಾ ಪರೀಕ್ಷೆ ಯಾವತ್ತು, ವಿಜ್ಞಾನದ ರೆಕಾರ್ಡ್ ಯಾವತ್ತು, ನಾಮಿನಲ್ ರೋಲಿನಲ್ಲಿ (ಪರೀಕ್ಷೆ ಬರೆಯುವವರ ಪಟ್ಟಿ) ಹೆಸರು ತಿದ್ದಿಸಲು ಎಷ್ಟು ದಿನ ಉಳಿದಿದೆ ಅಂತ. ದಿನಾ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಕೊನೇ ಕ್ಷಣದಲ್ಲಿ ಹೇಳುವುದನ್ನು ಮೊದಲೇ ಹೇಳಿಬಿಡಿ. ಪ್ರಶ್ನೆಪತ್ರಿಕೆ ಓದಲು ಮೊದಲ 15 ನಿಮಿಷ ಕೊಡುತ್ತಾರೆ ಅನ್ನುವುದು ನನ್ನ ಅಕ್ಕನಿಗೆ ಪೂರ್ವಸಿದ್ಧತಾ ಪರೀಕ್ಷೆಯ ದಿನ ಗೊತ್ತಾಯಿತು. ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷೆ ದಿನ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ ಅನ್ನುವುದು ನಮ್ಮ ಊರಿನ ಹುಡುಗರಿಗೆ ಗೊತ್ತೇ ಇರಲಿಲ್ಲ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಹುಡುಗರಿಗೆ ಇದು ಮುಖ್ಯ. ಮೊದಲನೇ ಪರೀಕ್ಷೆ ಆದ ಮೇಲೆ ಅದೇ ವರ್ಷ ಮತ್ತೆ ಬರೆಯಬಹುದು, ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು ಅನ್ನುವುದನ್ನೂ ಮನೆಯವರಿಗೆ ತಿಳಿಸಿ. ಮೊದಲನೇ ಪರೀಕ್ಷೆಯಲ್ಲಿ ಕಡಿಮೆ ಬಂದ ಹುಡುಗಿಗೆ ಮನೆಯಲ್ಲಿ ಮದುವೆ ಮಾತು ತೆಗೆಯುವುದನ್ನು ನಾನು ನೋಡಿದ್ದೇನೆ. ಮತ್ತೆ ಬರೆಯುವ ಅವಕಾಶ ಇದೆ ಅಂತ ಆ ಮನೆಗೆ ಯಾರೂ ಹೇಳಿರಲಿಲ್ಲ.


ಮೊಮ್ಮಗನನ್ನು ಸಾಕುತ್ತಿರುವ ತಾತ

ಆ ಮಗು ಹೇಳಿದ್ದು ಕೇಳಿ ಸಂತೋಷವಾಯಿತು. ಇದನ್ನು ನನ್ನ ಪಕ್ಕದ ಮನೆ ಹುಡುಗನಿಂದ ಬರೆಸುತ್ತಿದ್ದೇನೆ. ನನ್ನ ಮಗ, ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಗ್ರೂಪಿನಲ್ಲಿ ಇರುವುದು ಮಗನ ನಂಬರ್. ಹುಡುಗ ಇರುವುದು ನನ್ನ ಜೊತೆ. ಸುದ್ದಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ನನಗೆ ಫೋನ್ ಬರುತ್ತದೆ. ನಾವು ಚಿಕ್ಕವರಿದ್ದಾಗ ಊರಿನಲ್ಲಿ ತಮಟೆ ಹೊಡೆದು ಸಾರುತ್ತಿದ್ದರು. ಎಲ್ಲರ ಕಿವಿಗೂ ಬೀಳುತ್ತಿತ್ತು. ಈಗ ಊರಿಗೆಲ್ಲಾ ಗೊತ್ತಾಗುವ ಜಾಗ ಅಂದರೆ ಹಾಲಿನ ಡೇರಿ ಒಂದೇ.


ಹಳೇ ವಿದ್ಯಾರ್ಥಿ (ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ)

ತಾತ ಕೊನೆಗೆ ಹೇಳಿದ ಮಾತು ತುಂಬಾ ಮುಖ್ಯ ಅನಿಸಿತು. ಅದಕ್ಕೂ ಮೊದಲು ಎಸ್‌ಎಂಎಸ್ ವಿಷಯ ಹೇಳಿಬಿಡುತ್ತೇನೆ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೀಪ್ಯಾಡ್ ಫೋನಿಗೂ ಎಸ್‌ಎಂಎಸ್ ಹೋಗುತ್ತದೆ, ನಿಜ. ಆದರೆ ಒಟ್ಟಿಗೆ ನೂರಾರು ಜನರಿಗೆ ಕಳುಹಿಸಬೇಕಾದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರು, ಹೆಡರ್ (ಕಳುಹಿಸಿದವರ ಹೆಸರಾಗಿ ಕಾಣುವ ಗುರುತು), ಮೆಸೇಜಿನ ಮಾದರಿ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ದಿನಾ ಬದಲಾಗುವ ಸೂಚನೆಗೆ ಅದು ಹೊಂದುವುದಿಲ್ಲ. ಕನ್ನಡ ಅಕ್ಷರದಲ್ಲಿ ಕಳುಹಿಸಿದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಉಳಿದದ್ದಕ್ಕೆ ಮತ್ತೆ ದುಡ್ಡು. ಹಳೇ ಸೆಟ್‌ಗಳಲ್ಲಿ ಕನ್ನಡದ ಬದಲು ಚೌಕ ಚೌಕ ಬರುತ್ತದೆ.

ಆ್ಯಪ್ ಮಾಡಿಕೊಡಿ ಅಂತಲೂ ಕೇಳುತ್ತಾರೆ. ನಾನು ಮಾಡಿಕೊಡಬಲ್ಲೆ, ಆದರೆ ಬೇಡ ಅನ್ನುತ್ತೇನೆ. ಇನ್ನೊಂದು ಪಾಸ್‌ವರ್ಡ್ ಯಾರು ನೆನಪಿಡುತ್ತಾರೆ? ಹಾಳೆ, ಅದರ ಫೋಟೊ, ಅದನ್ನೇ ಓದಿದ ವಾಯ್ಸ್. ಇಷ್ಟು ಸಾಕು. ಒಂದು ಒಳ್ಳೆಯ ಬೋರ್ಡು, ವರ್ಷಕ್ಕೆ ಬೇಕಾದ ಹಾಳೆ, ಮಾರ್ಕರ್ ಖರ್ಚು ನಾವು ಹಳೇ ವಿದ್ಯಾರ್ಥಿಗಳು ನೋಡಿಕೊಳ್ಳುತ್ತೇವೆ.


ಹಾಲಿನ ಡೇರಿ ಕಾರ್ಯದರ್ಶಿ (ಅದೇ ಹೋಬಳಿ)

ತಾತ ನನ್ನ ಹೆಸರು ಹೇಳದೇ ನನ್ನನ್ನು ಎಳೆದಿದ್ದಾರೆ, ಸಂತೋಷ. ಬೆಳಿಗ್ಗೆ ಆರರಿಂದ, ಸಂಜೆ ಮತ್ತೆ ಅದೇ ರೀತಿ, ಹಸು ಇರುವ ಪ್ರತಿ ಮನೆಯಿಂದ ಒಬ್ಬರು ಕ್ಯಾನ್ ಹಿಡಿದು ಬರುತ್ತಾರೆ. ಫ್ಯಾಟ್ ನೋಡುವವರೆಗೆ ಸಾಲಿನಲ್ಲಿ ನಿಂತಿರುತ್ತಾರೆ. ಗೋಡೆ ಮೇಲೆ ಏನಿದ್ದರೂ ಓದುತ್ತಾರೆ. ಓದಲು ಬಾರದವರು ಪಕ್ಕದವರನ್ನು ಕೇಳುತ್ತಾರೆ. ಪಶುವೈದ್ಯರು ಬರುವ ದಿನ, ಕಾಲುಬಾಯಿ ಲಸಿಕೆಯ ದಿನ, ಎಲ್ಲಾ ಅಲ್ಲೇ ಬರೆಯುತ್ತೇನೆ. ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಶಾಲೆಯ ಹಾಳೆಗೆ ಜಾಗ ಬಿಟ್ಟುಕೊಡುತ್ತೇನೆ. ನಮ್ಮೂರಿನ ಮಗು ಒಬ್ಬರು ಸಂಜೆ ಬರುವಾಗ ತಂದು ಅಂಟಿಸಿದರೆ ಆಯಿತು. ಹಸು ಇಲ್ಲದ ಮನೆಗಳೂ ಇವೆ, ಕೂಲಿಗೆ ಹೋಗುವವರು. ಅವರಿಗೆ ಚಿಲ್ಲರೆ ಅಂಗಡಿ ಹತ್ತಿರ ಇನ್ನೊಂದು ಹಾಳೆ ಬೇಕು. ಅದನ್ನು ಮರೆಯಬೇಡಿ.

ಮಳೆ ರಜೆಗೂ ಇದು ಅನುಕೂಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಮೊದಲು ನೆನೆಯುವುದು ನಮ್ಮ ಕೋಲಾರ, ಚಿಕ್ಕಬಳ್ಳಾಪುರವೇ. ಜಿಲ್ಲಾಧಿಕಾರಿಗಳು ರಾತ್ರಿ ರಜೆ ಹೇಳಿದರೆ, ಮೇಷ್ಟ್ರು ನನಗೊಂದು ಫೋನ್ ಮಾಡಲಿ. ಬೆಳಿಗ್ಗೆ ಹಾಲಿನ ಹೊತ್ತಿಗೆ ಊರಿಗೆಲ್ಲಾ ಹೇಳಿಬಿಡುತ್ತೇನೆ.


ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ

ಅಣ್ಣ, ತುಂಬಾ ಉಪಕಾರ. ದಿನಾ ಎರಡು ಹೊತ್ತು ನಾನೇ ಡೇರಿಗೆ ಹೋಗುತ್ತೇನೆ. ಹುಡುಗಿ ಹೇಳಿದ ಮದುವೆ ಮಾತು ಓದಿ ಸಂಕಟವಾಯಿತು. ಮತ್ತೆ ಪರೀಕ್ಷೆ ಬರೆಯಬಹುದು ಅನ್ನುವ ವಿಷಯ ಬೋರ್ಡಿನ ಮೇಲೆ ದೊಡ್ಡದಾಗಿ ಹೋಗಬೇಕು, ಫಲಿತಾಂಶ ಬರುವ ಮೊದಲೇ.

ರಜೆ ವಿಷಯದಲ್ಲಿ ಇನ್ನೊಂದು. ಹೋದ ವರ್ಷದ ರಜೆ ಆದೇಶ ಈ ವರ್ಷ ಮತ್ತೆ ಓಡಾಡುತ್ತದೆ. ತಾರೀಖು ನೋಡದೆ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಶಾಲೆಯ ಸಹಿ ಇರುವ ಹಾಳೆ ಅಥವಾ ಮೇಷ್ಟ್ರ ಮಾತು, ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ನಂಬಬಾರದು ಅಂತ ಇಟ್ಟುಕೊಳ್ಳೋಣ.


ಗ್ರಾಮ ಒನ್ (ಹಳ್ಳಿಯ ಸರ್ಕಾರಿ ಸೇವಾ ಕೇಂದ್ರ) ನಡೆಸುವವನು

ನನ್ನ ಕೌಂಟರಿಗೆ ಕೊನೇ ದಿನ ಬರುವ ಅಪ್ಪ ಅಮ್ಮಂದಿರನ್ನು ನೋಡಿ ಬೇಜಾರಾಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಒಂದು ಕಾಗದ ಇರುವುದಿಲ್ಲ, ಮತ್ತೆ ನಾಳೆ. ಹಾಗಾಗಿ ಕೊನೇ ದಿನದ ಸೂಚನೆ ಒಂದೇ ಸಾಲದು. ಒಂದು ತಿಂಗಳ ಮುಂಚೆ ‘ತಯಾರಿ’ ಸೂಚನೆ ಬೇಕು.

ಹೈಸ್ಕೂಲ್ ಮಕ್ಕಳ ಮನೆಗೆ ನಾನು ಹೇಳಬೇಕೆಂದಿರುವುದು ಇವು. ಸ್ಕಾಲರ್‌ಶಿಪ್‌ಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ. ಪ್ರೈಮರಿಯಲ್ಲಿ ಮಾಡಿಸಿದ್ದು ಹೈಸ್ಕೂಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಮನೆಯಲ್ಲಿ ತೆಗೆದು ತಾರೀಖು ನೋಡಿಕೊಳ್ಳಿ. ಶಾಲೆಯ ಸ್ಯಾಟ್ಸ್‌ನಲ್ಲಿ ಇರುವ ಹೆಸರು, ಆಧಾರ್‌ನಲ್ಲಿ ಇರುವ ಹೆಸರು ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ, ಇದರಲ್ಲೇ ಎಷ್ಟೋ ಅರ್ಜಿ ನಿಂತುಹೋಗುತ್ತವೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದರೆ ಆ ಹೆಸರೇ ಮುಂದೆ ಎಲ್ಲಾ ಕಡೆ ಓಡುತ್ತದೆ. ಎಂಟನೇ ತರಗತಿಯಲ್ಲೇ ಸರಿಮಾಡಿಸಿ.

ಮಗುವಿಗೆ 15 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣು, ಫೋಟೊ ಮತ್ತೆ ಕೊಡಬೇಕು. 15ರಿಂದ 17ರ ಒಳಗೆ ಮಾಡಿಸಿದರೆ ಶುಲ್ಕ ಇಲ್ಲ. ಒಂಬತ್ತು, ಹತ್ತನೇ ತರಗತಿ ಮಕ್ಕಳ ವಯಸ್ಸು ಅದೇ.

ಇನ್ನು ‘ದುಡ್ಡು ಬಂದಿಲ್ಲ’ ಅನ್ನುವ ದೂರು. ಅಕೌಂಟ್ ಇದ್ದರೆ ಸಾಲದು. ಅದಕ್ಕೆ ಆಧಾರ್ ಜೋಡಣೆ ಆಗಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ದುಡ್ಡು ಯಾವ ಅಕೌಂಟಿಗೆ ಹೋಗಬೇಕು ಅನ್ನುವ ದಾಖಲೆ) ಆಗಿರಬೇಕು. ಎರಡು ಬ್ಯಾಂಕಿನಲ್ಲಿ ಅಕೌಂಟ್ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೆ ದುಡ್ಡು ಹೋಗುತ್ತದೆ. ಅಮ್ಮ ಒಂದು ಪಾಸ್‌ಬುಕ್ ನೋಡುತ್ತಾ ಕೂತಿರುತ್ತಾರೆ, ದುಡ್ಡು ಇನ್ನೊಂದರಲ್ಲಿ ಬಿದ್ದಿರುತ್ತದೆ.

ಹುಡುಗರ ಬಸ್ ಪಾಸ್ ಅರ್ಜಿ ಸೇವಾಸಿಂಧುವಿನಲ್ಲಿ. ಶಾಲೆ ಶುರುವಾದ ತಕ್ಷಣ ಹಾಕಿ.


ಗಣಿತ ಟೀಚರ್

ಗ್ರಾಮ ಒನ್ ಅಣ್ಣ ಹೇಳಿದ ‘ತಯಾರಿ ಸೂಚನೆ’ ಮಾತು ನೂರಕ್ಕೆ ನೂರು ಸರಿ. ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆಯನ್ನೇ ನೋಡಿ. ಎಂಟನೇ ತರಗತಿ ಮಕ್ಕಳಿಗೆ ಮಾತ್ರ, ಒಂದೇ ಅವಕಾಶ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆ ಮಕ್ಕಳು ಬರೆಯಬಹುದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಮನೆಯ ವರ್ಷದ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ.

ನಾಲ್ಕು ವರ್ಷಕ್ಕೆ 48,000. ಒಂದು ಹಳ್ಳಿ ಹುಡುಗಿಯ ಪಿಯುಸಿ ನಿಲ್ಲದಂತೆ ನೋಡಿಕೊಳ್ಳಲು ಇದು ಸಾಕಾಗಬಹುದು. ಇಂಥದ್ದನ್ನು ಅರ್ಜಿ ಹಾಕುವ ವಾರ ಹೇಳಿದರೆ ಹುಡುಗಿ ಓದುವುದು ಯಾವಾಗ? ಎರಡು ಪತ್ರಿಕೆ ಇರುತ್ತದೆ, ಬೌದ್ಧಿಕ ಸಾಮರ್ಥ್ಯ ಮತ್ತು ವಿಷಯ ಸಾಮರ್ಥ್ಯ, ಒಂದೊಂದಕ್ಕೂ 90 ಪ್ರಶ್ನೆ. ಜೂನ್ ತಿಂಗಳಲ್ಲೇ ಶುರುಮಾಡಿ ದಿನದ ಹಾಳೆಯ ಕೆಳಗೆ ಒಂದು ಲೆಕ್ಕ ಕೊಡುತ್ತೇನೆ. ಮಕ್ಕಳು ಡೇರಿ ಹತ್ತಿರ ನಿಂತು ಬಿಡಿಸಲಿ. ದೊಡ್ಡವರೂ ಪ್ರಯತ್ನ ಮಾಡಲಿ.

ಆಯ್ಕೆಯಾದ ಮಕ್ಕಳು ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನವೀಕರಣ ಮಾಡಲೇಬೇಕು. ಒಮ್ಮೆ ಸಿಕ್ಕಿತಲ್ಲ ಅಂತ ಸುಮ್ನೆ ಕೂತರೆ ಮುಂದಿನ ವರ್ಷದ ದುಡ್ಡು ಬರುವುದಿಲ್ಲ. ಈ ನೆನಪೋಲೆ ಶಾಲೆ ಬಿಟ್ಟು ಪಿಯುಸಿಗೆ ಹೋದ ಮಕ್ಕಳಿಗೂ ಹೋಗಬೇಕು. ಅದಕ್ಕೂ ಡೇರಿ ಬೋರ್ಡೇ ಸರಿ, ಅವರೂ ಅದೇ ಊರಿನಲ್ಲಿ ಇರುತ್ತಾರೆ.


ಬಾಗೇಪಲ್ಲಿ ಕಡೆಯ ಸಮಾಜ ವಿಜ್ಞಾನ ಟೀಚರ್

ನಮ್ಮ ಕಡೆ ಬಹಳ ಮನೆಗಳಲ್ಲಿ ತೆಲುಗು. ಮಗು ಕನ್ನಡ ಮಾಧ್ಯಮ, ಅಮ್ಮ ತೆಲುಗು. ಪಾವಗಡ, ಶ್ರೀನಿವಾಸಪುರ ಕಡೆಯೂ ಹೀಗೇ. ನಾವು ಮಾಡಿದ್ದು ಸುಲಭದ ಕೆಲಸ. ಸೂಚನೆ ಬರೆದ ಮಗುವೇ ಅದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮನೆ ಮಾತಿನಲ್ಲಿ ಹೇಳಿ ವಾಯ್ಸ್ ಮಾಡುತ್ತದೆ. ಟೀಚರ್ ಫೋನಿನಿಂದ ಗ್ರೂಪಿಗೆ ಹೋಗುತ್ತದೆ. ಮಗುವಿನ ದನಿ ಅಂದರೆ ಅಮ್ಮಂದಿರು ತಪ್ಪದೇ ಕೇಳುತ್ತಾರೆ, ‘ಇವತ್ತು ಯಾರ ಮಗಳು?’ ಅಂತ ವಿಚಾರಿಸುತ್ತಾರೆ. ಮಾತಾಡಲು ಹೆದರುತ್ತಿದ್ದ ಹುಡುಗಿಯರು ಈಗ ವೇದಿಕೆ ಮೇಲೆ ನಿಂತು ಮಾತಾಡುತ್ತಾರೆ.

ಶಿಡ್ಲಘಟ್ಟದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೇಕಾಗಬಹುದು. ಮೂರು ಮನೆಯ ಮಕ್ಕಳೂ ನಿಮ್ಮ ಕ್ಲಾಸಿನಲ್ಲೇ ಇದ್ದಾರಲ್ಲ.


ಆಶಾ ಕಾರ್ಯಕರ್ತೆ

ಆರೋಗ್ಯದ ಸೂಚನೆಗೂ ಒಂದು ಸಾಲು ಇಡಿ. ವಾರಕ್ಕೊಮ್ಮೆ ಶಾಲೆಯಲ್ಲಿ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಊಟ ಆದ ಮೇಲೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಆಮೇಲೆ ಮನೆಯವರು ಹೆದರಿ ಮಾತ್ರೆಯೇ ಬೇಡ ಅನ್ನುತ್ತಾರೆ. ಮಲ ಕಪ್ಪಾಗುವುದು ಸಹಜ, ಅದನ್ನೂ ಮೊದಲೇ ಹೇಳಿದರೆ ಹೆದರಿಕೆ ಇರುವುದಿಲ್ಲ. ಜಂತುಹುಳದ ಮಾತ್ರೆಯನ್ನು ಚೀಪಿ, ಅಗಿದು ತಿನ್ನಬೇಕು. ಆ ದಿನ ಶಾಲೆ ತಪ್ಪಿಸಿದ ಮಕ್ಕಳಿಗೆ ಮತ್ತೊಂದು ದಿನ ಕೊಡುತ್ತಾರೆ. ಯಾವ ದಿನ ಅಂತ ಹಾಳೆಯಲ್ಲಿ ಬರೆಯಿರಿ, ನಾನೂ ಮನೆ ಮನೆಗೆ ಹೋದಾಗ ಹೇಳುತ್ತೇನೆ.


ಒಬ್ಬ ತಂದೆ (ಚಿಂತಾಮಣಿ)

ಎಲ್ಲರ ಮಾತೂ ಚೆನ್ನಾಗಿದೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಏನನ್ನು ಹಾಕಬಾರದು ಅನ್ನುವುದೂ ಮೊದಲೇ ತೀರ್ಮಾನ ಆಗಲಿ.

ನನ್ನ ಮಗ ಓದುವ ಶಾಲೆಯ ಗ್ರೂಪಿನಲ್ಲಿ ಸ್ಕಾಲರ್‌ಶಿಪ್ ಬಾಕಿ ಇರುವವರ ಪಟ್ಟಿ ಹಾಕಿದ್ದರು. ಹೆಸರು, ಜಾತಿ, ಆಧಾರ್ ನಂಬರ್, ಬ್ಯಾಂಕ್ ನಂಬರ್ ಎಲ್ಲಾ ಇತ್ತು. ಇನ್ನೊಮ್ಮೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಕ್ಕಳ ಪಟ್ಟಿ. ಮಾರನೇ ದಿನ ಮಗ ಶಾಲೆಗೆ ಹೋಗಲ್ಲ ಅಂತ ಕೂತ. ಹದಿನಾಲ್ಕು ವರ್ಷದ ಹುಡುಗನಿಗೆ ಊರೆಲ್ಲಾ ತನ್ನ ಅಂಕ ನೋಡಿತು ಅಂದರೆ ಹೇಗಿರುತ್ತದೆ ಯೋಚಿಸಿ. ಡೇರಿ ಗೋಡೆ ಅಂದರೆ ಇನ್ನೂ ಜಾಸ್ತಿ ಜನ ನೋಡುತ್ತಾರೆ.

ಹಾಗಾಗಿ ಹಾಳೆಯಲ್ಲಿ ಮಕ್ಕಳ ಹೆಸರು ಬರುವುದು ಒಳ್ಳೆಯ ಸುದ್ದಿಗೆ ಮಾತ್ರ. ಹೋಬಳಿ ಕ್ರೀಡಾಕೂಟದಲ್ಲಿ ಗೆದ್ದರೆ, ಪ್ರತಿಭಾ ಕಾರಂಜಿಗೆ ಆಯ್ಕೆಯಾದರೆ ಬರೆಯಿರಿ. ಬಾಕಿ, ಗೈರು, ಅಂಕ, ಜಾತಿ ಯಾವುದೂ ಬೇಡ. ಅದನ್ನು ಆ ಮನೆಗೆ ಮಾತ್ರ ಫೋನ್ ಮಾಡಿ ಹೇಳಿ. ಸ್ವಲ್ಪ ಕೆಲಸ ಜಾಸ್ತಿಯಾಗುತ್ತದೆ, ಆದರೂ ಹಾಗೇ ಮಾಡಬೇಕು.


ರೀಲರ್ ತಂದೆ

ಚಿಂತಾಮಣಿ ಅಣ್ಣನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹೆಣ್ಣುಮಕ್ಕಳ ಫೋಟೊ ಹಾಕುವಾಗಲೂ ಮನೆಯವರನ್ನು ಒಂದು ಮಾತು ಕೇಳಿ.


ಕನ್ನಡ ಮೇಷ್ಟ್ರು

ಹೆಸರಿನ ವಿಷಯ ಹೇಳಿದ್ದಕ್ಕೆ ಧನ್ಯವಾದ. ಅದನ್ನು ನಿಯಮವಾಗಿಯೇ ಇಡೋಣ.

ಈಗ ಸುದ್ದಿಯ ಮಾತು. ಸೂಚನೆ ಬಗ್ಗೆಯೇ ಮಾತಾಡಿ ಸುದ್ದಿ ಮರೆತಿದ್ದೇವೆ. ಪ್ರಾರ್ಥನೆಯಲ್ಲಿ ಮಕ್ಕಳು ಓದುವ ಸುದ್ದಿ ಕೇಳಿದ್ದೀರಾ? ಪತ್ರಿಕೆಯ ಮೊದಲ ಪುಟದ ತಲೆಬರಹ ಹಾಗೇ ಓದುತ್ತಾರೆ. ಯಾರೋ ರಾಜೀನಾಮೆ ಕೊಟ್ಟರು, ಎಲ್ಲೋ ಯುದ್ಧ, ಕ್ರಿಕೆಟ್. ಓದಿದ ಮಗುವಿಗೂ ಅರ್ಥವಾಗಿರುವುದಿಲ್ಲ. ನಾನು ನಾಲ್ಕು ಸುದ್ದಿ ಅಂತ ಬದಲಾಯಿಸಿದೆ. ಒಂದು ದೇಶದ್ದು, ಒಂದು ರಾಜ್ಯದ್ದು, ಒಂದು ನಮ್ಮ ತಾಲ್ಲೂಕಿನದ್ದು, ಒಂದು ಮಗು ತಾನೇ ಕಣ್ಣಾರೆ ನೋಡಿದ್ದು. ಮೊದಲ ಎರಡಕ್ಕೆ ಆಕಾಶವಾಣಿಯ ಬೆಳಗಿನ ವಾರ್ತೆ ಕೇಳಿದರೆ ಸಾಕು. ನಾಲ್ಕನೆಯದು ಬಂದ ಮೇಲೆ ಪ್ರಾರ್ಥನೆಯ ಸಾಲಿನಲ್ಲಿ ಪಿಸುಮಾತು ನಿಂತಿದೆ.

ಒಬ್ಬ ಹುಡುಗ ಗೂಡಿನ ಬೆಲೆ ಓದಿದ. ಕೆಜಿಗೆ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು, ಮೋಡ ಇದ್ದರೆ ಗೂಡು ಯಾಕೆ ಮೆತ್ತಗಾಗುತ್ತದೆ ಅಂತ ಅಪ್ಪನನ್ನು ಕೇಳಿ ಬಂದಿದ್ದ. ಒಬ್ಬಳು ಕೆರೆಯ ಸುದ್ದಿ ತಂದಳು. ಹೆಬ್ಬಾಳ–ನಾಗವಾರ ಕಣಿವೆಯ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಲ್ಲ, ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಬಿಡುವುದು, ಅಂತರ್ಜಲ ಏರಲಿ ಅಂತ, ನೇರ ಕುಡಿಯಲು ಅಲ್ಲ ಅಂತ ಬಿಡಿಸಿ ಹೇಳಿದಳು. ಕೆಳಗಿನ ಕ್ಲಾಸಿನ ಮಕ್ಕಳು ಮೂರನೇ ಹಂತದ ಶುದ್ಧೀಕರಣ ಯಾಕೆ ಮಾಡುವುದಿಲ್ಲ ಅಂತ ಕೇಳಿದರು. ವಿಜ್ಞಾನದ ಮೇಡಂ ಆ ದಿನದ ಪಾಠವನ್ನೇ ಅದರ ಮೇಲೆ ಮಾಡಿದರು.

ದಿನ ವಿಶೇಷವೂ ಹತ್ತಿರದ್ದೇ ಇರಲಿ. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಬಗ್ಗೆ ಓದುವಾಗ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದ್ದೇ ಅಂತ ಹೇಳಿ. 1938ರಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿಸಿದ ವಿದುರಾಶ್ವತ್ಥ ಇಲ್ಲೇ ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಆಗಸ್ಟ್ 15ರ ಹಿಂದಿನ ದಿನ ಆ ಸುದ್ದಿ ಹಾಳೆಯಲ್ಲಿ ಇರಬೇಕು.

ಹಾಗಾಗಿ ಹಾಳೆಗೆ ಎರಡು ಭಾಗ. ಮೇಲೆ ಸೂಚನೆ, ಕೆಳಗೆ ಮಕ್ಕಳ ಸುದ್ದಿ. ಡೇರಿಯಲ್ಲಿ ಸೂಚನೆ ಓದಿದವರು ಸುದ್ದಿಯನ್ನೂ ಓದುತ್ತಾರೆ.


ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ

ಮುಂದಿನ ಸಭೆಯಲ್ಲಿ ಇದನ್ನು ಇಡುತ್ತೇನೆ. ಪಾಲಕರ ನಂಬರ್ ಪಟ್ಟಿಯನ್ನೂ ಹೊಸದಾಗಿ ಮಾಡಬೇಕು. ತಾತ ಹೇಳಿದಂತೆ ಮಗು ಯಾರ ಜೊತೆ ಇದೆಯೋ ಅವರ ನಂಬರ್ ಇರಲಿ, ಅಮ್ಮನ ನಂಬರ್ ಕೂಡ ಇರಲಿ. ಕ್ಲಾಸ್ ಟೀಚರ್‌ಗಳು ಒಂದು ಚೀಟಿ ಕೊಟ್ಟರೆ ಮಕ್ಕಳು ಬರೆಸಿಕೊಂಡು ಬರುತ್ತಾರೆ.


ಹತ್ತನೇ ತರಗತಿ ವಿದ್ಯಾರ್ಥಿನಿ

ಸರ್, ಹತ್ತನೇ ತರಗತಿಯವರಿಗೂ ಬರೆಯುವ ಸರದಿ ಕೊಡಿ. ಓದು ಇದೆ ಅಂತ ನಮ್ಮನ್ನು ಎಲ್ಲದರಿಂದ ಬಿಡಿಸಬೇಡಿ. ಜನವರಿವರೆಗೆ ನಾವೂ ಬರೆಯುತ್ತೇವೆ.


ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ

ಇಷ್ಟು ಜನ ಮನಸ್ಸಿಟ್ಟು ಬರೆದಿದ್ದೀರಿ. ನನಗೆ ಅರ್ಥವಾದಂತೆ ಹೀಗೆ ಮಾಡೋಣ. ಮಧ್ಯಾಹ್ನದ ಮೇಲೆ ಇಬ್ಬರು ಮಕ್ಕಳು ಹಾಳೆ ಬರೆಯುತ್ತಾರೆ, ಮೇಷ್ಟ್ರು ಸಹಿ ಮಾಡುತ್ತಾರೆ. ಶಾಲೆ ಬಿಡುವ ಮೊದಲು ಎಲ್ಲಾ ಕ್ಲಾಸಿನಲ್ಲಿ ಓದಿ, ಡೈರಿಯಲ್ಲಿ ಬರೆಸುತ್ತಾರೆ. ಒಂದೊಂದು ಊರಿನ ಒಂದು ಮಗು ಹಾಳೆಯ ಜೆರಾಕ್ಸ್ ತೆಗೆದುಕೊಂಡು ಹೋಗಿ ಡೇರಿಯಲ್ಲಿ, ಅಂಗಡಿ ಹತ್ತಿರ ಅಂಟಿಸುತ್ತದೆ. ಫೋಟೊ ಮತ್ತು ವಾಯ್ಸ್ ಸಂಜೆ ಆರೂವರೆಗೆ ಸೂಚನೆ ಗ್ರೂಪಿಗೆ. ಏನಾದರೂ ಕೇಳಬೇಕಿದ್ದರೆ ಏಳರಿಂದ ಏಳೂವರೆವರೆಗೆ ಹಳೇ ಗ್ರೂಪಿನಲ್ಲಿ ಕೇಳೋಣ. ಆಮೇಲೆ ಮೇಷ್ಟ್ರುಗಳನ್ನು ಅವರ ಮನೆಯವರ ಜೊತೆ ಇರಲು ಬಿಡೋಣ. ಶನಿವಾರ ಬೆಳಗಿನ ಶಾಲೆ, ಆ ದಿನ ಹಾಳೆ ಹನ್ನೊಂದಕ್ಕೇ ಸಿದ್ಧವಾಗಬೇಕು. ಸೋಮವಾರದ ವಿಷಯವೂ ಅದರಲ್ಲೇ ಬರಬೇಕು.

ಹುಳ ಹಣ್ಣಾಗುವ ಮನೆಗಳ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಯಾವ ವಾರ ನಿಮಗೆ ಕೆಲಸ ಜಾಸ್ತಿ ಅಂತ ಕ್ಲಾಸ್ ಟೀಚರ್‌ಗೆ ಮೊದಲೇ ತಿಳಿಸಿ. ಆ ವಾರ ಕಾಗದ ತರುವ ಕೊನೇ ದಿನ ಇದ್ದರೆ ಪಕ್ಕದ ಮನೆಯವರು ತಂದುಕೊಡಬಹುದು. ಮಗುವನ್ನು ಮಾತ್ರ ಶಾಲೆ ಬಿಡಿಸಬೇಡಿ. ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆ) ಹುಳ ಬಿಡಲು ನಾವು ನಾಲ್ಕು ಹೆಂಗಸರು ಒಬ್ಬರ ಮನೆಗೆ ಒಬ್ಬರು ಬರುತ್ತೇವೆ.


ಕನ್ನಡ ಮೇಷ್ಟ್ರು

ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿದೆ, ಒಪ್ಪಿದರು. ಸೋಮವಾರದಿಂದ ಶುರು. ಮೊದಲ ವಾರ ಒಂಬತ್ತನೇ ತರಗತಿ ಎ ವಿಭಾಗ. ಆಧಾರ್ ಹೆಸರು ನೋಡಿಕೊಳ್ಳುವುದು, ಆದಾಯ ಪ್ರಮಾಣಪತ್ರದ ತಾರೀಖು ನೋಡುವುದು, ಪಾಲಕರ ನಂಬರ್ ಚೀಟಿ, ಈ ಮೂರು ಮೊದಲ ಹಾಳೆಯಲ್ಲಿ ಬರುತ್ತವೆ. ಡೇರಿ ಅಣ್ಣ, ಗೋಡೆಯಲ್ಲಿ ಮಳೆ ನೀರು ಬೀಳದ ಜಾಗ ನೋಡಿಡಿ.